ಹೆಡ್‌ಮಾಸ್ಟರ್ ರೂಮಿನ ಐದು ಮರಗಳು

ಹೋದ ತಿಂಗಳು ಒಬ್ಬ ಹುಡುಗಿ ಶಿವಮೊಗ್ಗದ ಆಲ್ಕೊಳದ ನಮ್ಮ ಮನೆಗೆ ಬಂದಿದ್ದಳು. ಹೊಸದಾಗಿ ಚಿತ್ರಕಲಾ ಶಿಕ್ಷಕಿಯಾಗಿ ನೇಮಕಗೊಂಡವಳು. "ಸರ್, ಈ ಕೆಲಸದಲ್ಲಿ ನಿಜವಾಗ್ಲೂ ಏನಿರುತ್ತೆ, ಹೇಳಿ" ಎಂದಳು. ಕಾಫಿ ಆರುವುದರೊಳಗೆ ಹೇಳಿ ಮುಗಿಸುವಂಥ ವಿಷಯವಲ್ಲ. ಬರೆದು ಕೊಡುತ್ತೇನೆ ಎಂದು ಕಳಿಸಿದೆ. ಬರೆಯಲು ಕೂತಾಗ ಮೊದಲು ನೆನಪಾಗಿದ್ದು ನನ್ನ ಒಂದು ದೊಡ್ಡ ತಪ್ಪು. ಅದನ್ನೇ ಬರೆಯುತ್ತೇನೆ.

ಬಡ್ತಿಯ ಕತೆ ಏನೂ ಇಲ್ಲ. ಸೇರುವಾಗ ಡ್ರಾಯಿಂಗ್ ಮೇಷ್ಟ್ರು, ನಿವೃತ್ತನಾಗುವಾಗಲೂ ಡ್ರಾಯಿಂಗ್ ಮೇಷ್ಟ್ರು. ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಹೈಸ್ಕೂಲಿನಲ್ಲಿ ನಾವು ಊಟಕ್ಕಿಲ್ಲದ ಉಪ್ಪಿನಕಾಯಿ. ಪರೀಕ್ಷೆ ಹತ್ತಿರ ಬಂದರೆ ನಮ್ಮ ಪೀರಿಯಡ್ಡು ಗಣಿತದವರ ಪಾಲು. ಸ್ವಾತಂತ್ರ್ಯ ದಿನಾಚರಣೆ ಬಂದರೆ ಮಾತ್ರ "ಡ್ರಾಯಿಂಗ್ ಮೇಷ್ಟ್ರು ಎಲ್ಲಿ?" ಎಂದು ಶಾಲೆಯಿಡೀ ಹುಡುಕುತ್ತಾರೆ. ಗೋಡೆಯ ಮೇಲೆ ಸುಭಾಷಿತ ಬರೆದಿದ್ದೇನೆ, ನೀರಿನ ಟ್ಯಾಂಕಿನ ಮೇಲೆ ಶಾಲೆಯ ಹೆಸರು ಬರೆದಿದ್ದೇನೆ, ಒಬ್ಬ ಹೆಡ್‌ಮಾಸ್ಟರ ಸ್ಕೂಟರಿಗೆ ನಂಬರ್ ಪ್ಲೇಟನ್ನೂ ಬರೆದುಕೊಟ್ಟಿದ್ದೇನೆ. ಹೊಸಬರು ಇದಕ್ಕೆಲ್ಲ ಬೇಸರಪಟ್ಟುಕೊಳ್ಳಬಾರದು. ಅಕ್ಷರ ಬರೆಯುವುದರಿಂದ ಕೈ ಹಿಡಿತಕ್ಕೆ ಬರುತ್ತದೆ.

ನನ್ನ ಕೊನೆಯ ಹನ್ನೆರಡು ಹದಿಮೂರು ವರ್ಷದ ಸೇವೆ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ. ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳು, ಮನೆಯಲ್ಲಿ ತಮಿಳೋ ತೆಲುಗೋ ಮಾತಾಡಿ ಶಾಲೆಗೆ ಬಂದು ಕನ್ನಡದಲ್ಲಿ ಜಗಳವಾಡುವ ಮಕ್ಕಳು. ಶಿವಮೊಗ್ಗದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ನಾನು ಕಟ್ಟುನಿಟ್ಟಿನ ಮೇಷ್ಟ್ರು. ಮೇಜಿನ ಮೇಲೆ ಒಂದು ಮಡಕೆ, ಒಂದು ಬಾಳೆಹಣ್ಣು ಇಟ್ಟರೆ ನಲವತ್ತು ಮಕ್ಕಳೂ ಅದನ್ನು ನಾನು ಕಂಡ ಹಾಗೆಯೇ ಕಾಣಬೇಕು. ಬೆಳಕು ಎಡಗಡೆ ಮೇಲಿನಿಂದ ಬರಬೇಕು, ನೆರಳು ಬಲಕ್ಕೆ ಬೀಳಬೇಕು. ಕೋಣೆಯ ಕಿಟಕಿ ಬಲಗಡೆ ಇದ್ದರೂ ಬೆಳಕು ಎಡಗಡೆಯಿಂದಲೇ! ಡ್ರಾಯಿಂಗ್ ಗ್ರೇಡ್ ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಅಂಕ ಸಿಗುತ್ತಿತ್ತು, ನಾನೂ ಹಾಗೆ ಮಾಡಿಯೇ ಪಾಸಾಗಿ ಬಂದವನು. ಸೆಲ್ವಿ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿ ಒಮ್ಮೆ ಮಡಕೆಯ ಹೊಟ್ಟೆಯನ್ನು ಪಕ್ಕದಿಂದ ನೋಡಿದಂತೆ ಬರೆದು, ಅದರ ಬಾಯನ್ನು ಮಾತ್ರ ಬಳೆಯ ಹಾಗೆ ಪೂರ್ತಿ ದುಂಡಗೆ ಬರೆದಿದ್ದಳು. ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದೆ.

"ಸಾರ್, ಬಗ್ಗಿ ನೋಡಿದ್ರೆ ಬಾಯಿ ರೌಂಡಾಗೇ ಇರುತ್ತಲ್ಲ ಸಾರ್?" ಎಂದಳು.

"ಬಗ್ಗಬೇಡ. ಕೂತ ಜಾಗದಿಂದ ನೋಡು" ಎಂದೆ.

ಆ ಶಾಲೆಯ ಹೆಡ್‌ಮಾಸ್ಟರ್ ರೂಮಿನಲ್ಲಿ ಬೀರುವಿನ ಪಕ್ಕ ಒಂದು ಚಿತ್ರ ಇತ್ತು. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಹಾರ್ಡ್‌ಬೋರ್ಡಿನ ಮೇಲೆ ಆಯಿಲ್ ಪೇಂಟ್. ನನಗಿಂತ ಮೊದಲು ಅಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದ ಅನ್ವರ್ ಮೇಷ್ಟ್ರು ಬರೆದದ್ದು. ಕೆಳಗೆ "ಮರಗಳು" ಎಂದು ಬರೆದಿತ್ತು. ಬರೆಯದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ. ಐದು ಕಾಂಡ, ಎಲ್ಲ ಚೂಪು ಚೂಪು ತುಂಡುಗಳು. ಒಂದು ತುಂಡು ಹಳದಿ, ಒಂದು ನೇರಳೆ, ಒಂದು ಇಟ್ಟಿಗೆ ಬಣ್ಣ. ಮೇಲಿನ ಹಸಿರು, ಬೆಲ್ಲದ ಅಚ್ಚನ್ನು ಕುಟ್ಟಿ ಹರಡಿದ ಹಾಗೆ. ಎಲ್ಲದರ ಮೇಲೆ ಅಡ್ಡಡ್ಡ ಮೂರು ಬೂದು ಪಟ್ಟಿಗಳು. ನನ್ನ ಕಣ್ಣಿಗೆ ಎಲ್ಲಕ್ಕಿಂತ ಚುಚ್ಚಿದ್ದು ಬೆಳಕು. ಕಾಂಡದ ಬಲಮಗ್ಗುಲಿಗೂ ಹಳದಿ ಬಿಸಿಲು, ಎಡಮಗ್ಗುಲಿಗೂ ಕಿತ್ತಳೆ ಬಿಸಿಲು. ಡ್ರಾಯಿಂಗ್ ಮೇಷ್ಟ್ರಾದವರು ಇಂಥ ತಪ್ಪು ಮಾಡಬಹುದೇ ಎಂದು ಆಶ್ಚರ್ಯಪಟ್ಟಿದ್ದೆ.

ನಾಚಿಕೆಯ ಸಂಗತಿ ಇನ್ನೊಂದಿದೆ. ನಮ್ಮ ಡಿಪ್ಲೊಮಾ ಪರೀಕ್ಷೆಯಲ್ಲಿ "ಕ್ಯೂಬಿಸಂ ಎಂದರೇನು?" ಎಂಬ ಪ್ರಶ್ನೆ ಬಂದಿತ್ತು. "ವಸ್ತುವನ್ನು ಒಡೆದು, ಹಲವು ದಿಕ್ಕುಗಳಿಂದ ಕಂಡ ಅದರ ರೂಪಗಳನ್ನು ಒಂದೇ ಚಿತ್ರದಲ್ಲಿ ಜೋಡಿಸುವ ಶೈಲಿ" ಎಂದು ಉರು ಹೊಡೆದದ್ದನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಅದೇ ಶೈಲಿಯ ಚಿತ್ರ ಕಣ್ಣೆದುರು ಗೋಡೆಯ ಮೇಲಿದ್ದಾಗ ಅದು ಉತ್ತರಪತ್ರಿಕೆಯ ಆ ವಾಕ್ಯವೇ ಎಂದು ಹೊಳೆಯಲಿಲ್ಲ.

ಒಂದು ಸಲ ಇಲಾಖೆಯಿಂದ ಶಾಲಾ ತಪಾಸಣೆಗೆ ಬರುತ್ತಾರೆ ಎಂದಾಯಿತು. ಹೆಡ್‌ಮಾಸ್ಟರು ನನ್ನನ್ನು ಕರೆದರು. ಒಳ್ಳೆಯ ಆಡಳಿತಗಾರರು, ಆದರೆ ಗೋಡೆಯ ಮೇಲೆ ಅರ್ಥವಾಗದ್ದು ಏನೂ ಇರಬಾರದು ಎನ್ನುವ ಜಾತಿ.

"ಡ್ರಾಯಿಂಗ್ ಮೇಷ್ಟ್ರೇ, ಇದು ಮರನೋ, ಒಡೆದ ಗಾಜೋ? ಬಂದೋರು ಕೇಳಿದ್ರೆ ನಾನೇನ್ ಹೇಳ್ಲಿ? ಸ್ವಲ್ಪ ಸರಿ ಮಾಡಿಬಿಡಿ ಮಾರಾಯ್ರೆ. ಮರ ಅಂದ್ರೆ ಮರದ ಥರ ಕಾಣ್ಬೇಕು."

ಹೇಳಿದವರು ಅವರೇ, ಆದರೆ ಒಪ್ಪಿಕೊಂಡವನು ನಾನು. ಒಪ್ಪಿಕೊಂಡೆ ಅನ್ನುವುದೂ ಸುಳ್ಳು, ಖುಷಿಯಾಯಿತು. ಶಾಲೆಯ ಬೀರುವಿನಲ್ಲಿ ಇದ್ದದ್ದು ಪೋಸ್ಟರ್ ಕಲರ್ ಮಾತ್ರ. ಆಯಿಲ್ ಪೇಂಟಿನ ಮೇಲೆ ನೀರಿನ ಬಣ್ಣ ನಿಲ್ಲುವುದಿಲ್ಲ, ಹನಿ ಹನಿಯಾಗಿ ಜಾರುತ್ತದೆ. ಅದಕ್ಕೆ ಮೊದಲು ಸೋಪಿನ ತುಂಡು ಉಜ್ಜಿ, ಆಮೇಲೆ ಬಣ್ಣ ಹಚ್ಚುವ ಉಪಾಯ ಬೋರ್ಡ್ ಬರೆಯುವವರಿಂದ ಕಲಿತಿದ್ದೆ. ಎರಡು ದಿನದಲ್ಲಿ ಮರಗಳಿಗೆಲ್ಲ ಎಲೆ ಬಂತು. ಪ್ರತಿ ಕಾಂಡದ ಬಲಮಗ್ಗುಲಿನ ಹಳದಿಯ ಮೇಲೆ ಕಂದು ಬಳಿದು ನೆರಳು ಮಾಡಿದೆ. ಮೂರು ಅಡ್ಡ ಪಟ್ಟಿಗಳು ಏನೆಂದು ತಿಳಿಯದೆ, ನಡುನಡುವೆ ಗೂಟ ಬರೆದು ಬೇಲಿ ಮಾಡಿದೆ. ಬಂದ ಅಧಿಕಾರಿ "ಚಿತ್ರ ಚೆನ್ನಾಗಿದೆ" ಎಂದರು. ಹೆಡ್‌ಮಾಸ್ಟರು ನನ್ನ ಬೆನ್ನು ತಟ್ಟಿದರು. ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಶಿಕ್ಷಕರ ದಿನಾಚರಣೆಗೆ ನಿವೃತ್ತ ಶಿಕ್ಷಕರನ್ನು ಕರೆದು ಶಾಲು ಹೊದಿಸುವುದು ಆ ಶಾಲೆಯ ಪದ್ಧತಿ. ಆ ವರ್ಷ ಅನ್ವರ್ ಮೇಷ್ಟ್ರ ಸರದಿ. ಶಿವಮೊಗ್ಗದಿಂದ ಬಸ್ಸಿನಲ್ಲೇ ಬಂದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ಕನ್ನಡಕ. ಕಾರ್ಯಕ್ರಮ ಮುಗಿದ ಮೇಲೆ ಹೆಡ್‌ಮಾಸ್ಟರು ಕೈ ಹಿಡಿದು ರೂಮಿಗೆ ಕರೆದುಕೊಂಡು ಹೋದರು.

"ನೋಡಿ, ನಿಮ್ಮ ಚಿತ್ರನ ನಮ್ಮ ಮೇಷ್ಟ್ರು ಎಷ್ಟು ಚೆಂದ ರಿಪೇರಿ ಮಾಡಿದಾರೆ!"

ಅನ್ವರ್ ಮೇಷ್ಟ್ರು ಹತ್ತಿರ ಹೋದರು, ಮೂಗು ತಾಗುವಷ್ಟು ಹತ್ತಿರ. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಮೂಲೆಯಲ್ಲಿದ್ದ ಒಂದು ಎಲೆಯ ಮೇಲೆ ಇಟ್ಟರು. ಬೆರಳಿಗೆ ಹಸಿರು ಬಂತು. ಕರ್ಚೀಫಿನಲ್ಲಿ ಒರೆಸಿಕೊಂಡರು. ನಾನು ಬಾಗಿಲ ಹತ್ತಿರ ಹೊಗಳಿಕೆಗೆ ಕಾಯುತ್ತ ನಿಂತಿದ್ದೆ.

"ಎಲೆ ಚೆನ್ನಾಗಿ ಬಿಡಿಸ್ತೀರಿ" ಎಂದರು. ಆಮೇಲೆ ಹೊರಗೆ ಬಂದು, "ದಿನಾ ಬಸ್ಸಲ್ಲೇ ಬರ್ತೀರಾ ಮೇಷ್ಟ್ರೇ? ಎಲ್ಲಿ ಕೂತ್ಕೊತೀರಿ?"

"ಬೆಳಗ್ಗೆ ಬಲಗಡೆ. ಬಿಸಿಲು ಬೀಳಲ್ಲ ನೋಡಿ. ಸಂಜೆ ಸೀಟು ಸಿಕ್ಕಿದ ಕಡೆ."

"ಒಂದು ವಾರ ಬೆಳಗ್ಗೆ ಎಡಗಡೆ ಕಿಟಕಿಗೆ ಕೂತ್ಕೊಳ್ಳಿ. ಸಂಜೆ ವಾಪಸ್ ಹೋಗ್ತಾ ಬಲಗಡೆ ಕಿಟಕಿಗೆ. ಇಪ್ಪತ್ತೆರಡು ವರ್ಷ ನಾನು ಹಂಗೇ ಕೂತಿದ್ದೆ."

ಇಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಎದುರುತ್ತರ ಕೊಟ್ಟು ಅಲ್ಲಿಗೆ ಮುಗಿಸುತ್ತಿದ್ದೆ.

ಮುದುಕರ ಮಾತು ಎಂದುಕೊಂಡರೂ ಮಾರನೇ ದಿನ ಎಡಗಡೆ ಕೂತೆ. ಮೊದಲ ಮೂರು ದಿನ ಮುಖಕ್ಕೆ ಬಿಸಿಲು ಹೊಡೆದದ್ದು ಬಿಟ್ಟರೆ ಏನೂ ಆಗಲಿಲ್ಲ. ನಾಲ್ಕನೇ ದಿನ ಮಾಚೇನಹಳ್ಳಿ ದಾಟಿದ ಮೇಲೆ ಬಸ್ಸು ಯಾಕೋ ನಿಧಾನವಾಯಿತು. ರಸ್ತೆಯ ಪಕ್ಕ ಐದು ದೊಡ್ಡ ಮರಗಳು: ಎರಡು ಹುಣಸೆ, ಒಂದು ಗೋಣಿ, ಒಂದು ಹೊಂಗೆ, ಒಂದು ಮಳೆಮರ. ಐದಕ್ಕೂ ಬಲಮಗ್ಗುಲಿನಲ್ಲಿ ಹಳದಿ ಬಿಸಿಲು. ಗೋಣಿಮರ ಮುಂದಕ್ಕೆ ಬಾಗಿ ಹುಣಸೆಯನ್ನು ಅರ್ಧ ಮುಚ್ಚಿತ್ತು. ಬಸ್ಸು ಎರಡು ಮಾರು ಹೋಗುತ್ತಲೇ ಹುಣಸೆ ಹೊರಗೆ ಬಂದು ಗೋಣಿ ಹಿಂದಾಯಿತು. ಆ ಸಂಜೆ ಬಲಗಡೆ ಕೂತೆ. ಅವೇ ಐದು ಮರಗಳು ತಿರುವುಮುರುವಾಗಿ ಬಂದವು, ಈಗ ಎಡಮಗ್ಗುಲಿಗೆ ಕಿತ್ತಳೆ ಬಿಸಿಲು. ಗೋಣಿಯ ಬೆನ್ನು ಅಂದುಕೊಂಡದ್ದು ಹೊಟ್ಟೆಯಾಗಿತ್ತು.

ಅನ್ವರ್ ಮೇಷ್ಟ್ರು ಮರಗಳನ್ನು ಒಡೆದಿರಲಿಲ್ಲ. ಹೋಗುವಾಗ ಕಂಡದ್ದನ್ನೂ ಬರುವಾಗ ಕಂಡದ್ದನ್ನೂ, ಮುಂದಿನದನ್ನೂ ಹಿಂದಿನದನ್ನೂ ಯಾವುದನ್ನೂ ಬಿಡದೆ ಒಂದೇ ಹಲಗೆಯ ಮೇಲೆ ಇಟ್ಟಿದ್ದರು. ಬಲಗಡೆಯ ಹಳದಿ ಬೆಳಗಿನದು, ಎಡಗಡೆಯ ಕಿತ್ತಳೆ ಸಂಜೆಯದು. ನಾನು ನೆರಳು ಬಳಿದು ಅವರ ಇಪ್ಪತ್ತೆರಡು ವರ್ಷದ ಬೆಳಗುಗಳನ್ನೆಲ್ಲ ಮುಚ್ಚಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ಹೆಡ್‌ಮಾಸ್ಟರ ಹತ್ತಿರ ಹೋಗಿ, ಎಲೆಗಳನ್ನು ಒರೆಸಿಬಿಡುತ್ತೇನೆ ಎಂದೆ. ಅವರು ನನ್ನನ್ನು ಜ್ವರ ಬಂದವನನ್ನು ನೋಡುವ ಹಾಗೆ ನೋಡಿದರು.

"ಸಾಹೇಬ್ರ ಹತ್ರ ಚೆನ್ನಾಗಿದೆ ಅನ್ನಿಸ್ಕೊಂಡ ಚಿತ್ರ ರೀ ಅದು! ನಾನು ಈ ಕುರ್ಚೀಲಿರೋ ತನಕ ಅದಕ್ಕೆ ಕೈ ಹಚ್ಚಬೇಡಿ."

ಅದಾಗಿ ಒಂದು ವರ್ಷಕ್ಕೆ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಅನ್ವರ್ ಮೇಷ್ಟ್ರು ಸಿಕ್ಕಿದರು. ಹೆಂಡತಿಯ ತೋಳು ಹಿಡಿದು ನಡೆಯುತ್ತಿದ್ದರು. ನಾನು ಎದುರಿಗೆ ನಿಂತರೂ ಗೊತ್ತಾಗಲಿಲ್ಲ, ದನಿ ಕೇಳಿ ಗುರುತು ಹಿಡಿದರು.

"ಕೂತ್ರಾ ಮೇಷ್ಟ್ರೇ? ಕಂಡ್ತಾ?"

"ಕಂಡ್ತು ಸರ್. ತಪ್ಪಾಯ್ತು. ಎಲ್ಲಾ ಒರೆಸ್ತೀನಿ."

"ಒರೆಸೋದಾದ್ರೆ ಬೇಗ ಒರೆಸಿ. ಕಣ್ಣಿನ ಒಳಗಿನ ನರ ಒಣಗ್ತಾ ಇದೆಯಂತೆ. ಈಗ ಕೊಳವೆ ಒಳಗಿಂದ ನೋಡ್ದಂಗೆ ಇಷ್ಟೇ ಇಷ್ಟು ಕಾಣುತ್ತೆ. ಅದೂ ಎಷ್ಟು ದಿನವೋ. ಒಂದ್ಸಲ ನೋಡಿಬಿಡ್ತೀನಿ."

ಇಲ್ಲಿ ನಾನು ಸತ್ಯ ಹೇಳಬೇಕು. ಹೆಡ್‌ಮಾಸ್ಟರು ಬೇಡ ಎಂದದ್ದು ನಿಜ, ಆದರೆ ಭಾನುವಾರದ ಸ್ಪೆಷಲ್ ಕ್ಲಾಸಿಗೆಂದು ಶಾಲೆಯ ಬೀಗದ ಕೈ ಎಷ್ಟೋ ಸಲ ನನ್ನ ಜೇಬಿನಲ್ಲಿರುತ್ತಿತ್ತು. ಎರಡು ಹಿಡಿ ಹತ್ತಿ, ಒಂದು ಬಕೆಟ್ ನೀರು ಸಾಕಿತ್ತು. ಮಾಡಲಿಲ್ಲ. ಮೇಲಿನವರ ಭಯ ನನ್ನಲ್ಲಿ ಅಷ್ಟು ಆಳಕ್ಕೆ ಇಳಿದಿತ್ತು. ಒಂದು ಭಾನುವಾರ ನೀರು ತುಂಬಿಸಿ ರೂಮಿನವರೆಗೂ ಹೋಗಿ, ಆ ನೀರನ್ನು ಗಿಡಕ್ಕೆ ಹಾಕಿ ಬಂದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಾಡಿದ್ದು ಬೇರೆ. ಕ್ಲಾಸಿನಲ್ಲಿ ಮಡಕೆಯನ್ನು ಮೇಜಿನಿಂದ ಇಳಿಸಿ ನೆಲದ ನಡುವೆ ಇಟ್ಟೆ. ಮಕ್ಕಳನ್ನು ಸುತ್ತ ಕೂರಿಸಿ, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ, ಕಂಡದ್ದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆಯಿರಿ ಎಂದೆ. ಮೊದಲ ದಿನ ಗಲಾಟೆಯೋ ಗಲಾಟೆ, ಪಕ್ಕದ ಕ್ಲಾಸಿನ ಗಣಿತದವರು ಬಂದು ಇಣುಕಿ ಹೋದರು. ಆದರೆ ಆ ಹಾಳೆಗಳಲ್ಲಿ ಮೊದಲ ಸಲ ಒಂದರ ಹಾಗೆ ಇನ್ನೊಂದು ಇರಲಿಲ್ಲ. ಈಗಿನ ಮಕ್ಕಳು ಮೊಬೈಲಿನಲ್ಲಿ ಫೋಟೋ ತೆಗೆದು ಅದನ್ನು ನೋಡಿ ಬರೆಯುತ್ತಾರೆ. ಬೇಡ ಎನ್ನಬೇಡಿ, ಆದರೆ ಒಂದು ಫೋಟೋ ಸಾಲದು, ಸುತ್ತ ನಡೆದು ಆರು ತೆಗೆಯಿರಿ ಎನ್ನಿ. ಸೆಲ್ವಿ ಅಷ್ಟರಲ್ಲಿ ಹತ್ತನೇ ಕ್ಲಾಸು ಮುಗಿಸಿ ಹೋಗಿದ್ದಳು. ಅವಳ ಮಡಕೆಯ ಮೇಲೆ ಎಳೆದ ಕೆಂಪು ಗೀಟನ್ನು ಒರೆಸಲು ಯಾವ ಹತ್ತಿಯೂ ಇಲ್ಲ.

ಮುಂದೆ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಒಂದು ಬೆಳಗ್ಗೆ ಎಡಗಡೆ ಕಿಟಕಿಯಿಂದ ನೋಡುತ್ತಿದ್ದೆ, ಹೊಂಗೆ ಇರಲಿಲ್ಲ. ಸಂಜೆಗೆ ಗೋಣಿಯೂ ಇರಲಿಲ್ಲ. ವಾರದೊಳಗೆ ಐದು ಮೋಟುಗಳು, ಆಮೇಲೆ ಜೆಸಿಬಿ ಬಂದು ಮೋಟುಗಳೂ ಹೋದವು. ರಸ್ತೆ ಈಗ ಚೆನ್ನಾಗಿದೆ, ಹತ್ತು ನಿಮಿಷ ಉಳಿಯುತ್ತದೆ.

ಹೆಡ್‌ಮಾಸ್ಟರು ನಿವೃತ್ತರಾಗಿ, ಅವರ ಜಾಗಕ್ಕೆ ಒಬ್ಬ ಮೇಡಂ ಬಂದ ಮೂರನೇ ದಿನವೇ ಹೋಗಿ ಕೇಳಿದೆ.

"ನಿಮ್ಮ ಚಿತ್ರ ತಾನೇ ಸರ್? ತಗೊಂಡು ಹೋಗಿ, ಸರಿ ಮಾಡ್ಕೊಂಡು ಬನ್ನಿ" ಎಂದರು.

"ನಂದಲ್ಲ ಮೇಡಂ. ಎಲೆ ಮಾತ್ರ ನಂದು."

ಹಳೇ ಸೀರೆಯಲ್ಲಿ ಸುತ್ತಿಕೊಂಡು ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿದೆ. ಕಂಡಕ್ಟರ್ ಪರಿಚಯದವನು. "ಏನ್ ಮೇಷ್ಟ್ರೇ ಅದು, ಗಾಜಾ?" ಎಂದ. ಐದು ಮರ ಎಂದೆ. "ಫಾರೆಸ್ಟಿನವರ ಪರ್ಮಿಟ್ ಇದೆಯಾ?" ಎಂದು ಇಡೀ ಬಸ್ಸನ್ನು ನಗಿಸಿದ.

ಅನ್ವರ್ ಮೇಷ್ಟ್ರ ಮನೆ ಶಿವಮೊಗ್ಗದ ಹಳೇ ಪೇಟೆಯ ಒಂದು ಗಲ್ಲಿಯಲ್ಲಿ, ಅವರ ತಮ್ಮನ ಮಗನ ಗ್ಯಾರೇಜಿನ ಮೇಲೆ. ಹೆಂಡತಿ ಜುಲೇಖಾ ಅಮ್ಮ ಬಾಗಿಲು ತೆಗೆದರು. ನನ್ನ ಕೈಯಲ್ಲಿದ್ದ ಗಂಟು ನೋಡಿ, ಏನೆಂದು ಗೊತ್ತಾಗಿ, ದನಿ ತಗ್ಗಿಸಿದರು.

"ತಡ ಆಯ್ತು ಮೇಷ್ಟ್ರೇ. ಈಗ ಬಾಗಿಲು ಯಾವುದು ಗೋಡೆ ಯಾವುದು ಅಂತಾನೂ ಕಾಣಲ್ಲ ಅವರಿಗೆ."

ಹೊಸ್ತಿಲಲ್ಲೇ ನಿಂತೆ. ವಾಪಸ್ ಹೋಗಿಬಿಡೋಣ ಅನ್ನಿಸಿತು. ಒಳಗಿನಿಂದ ಅನ್ವರ್ ಮೇಷ್ಟ್ರ ದನಿ ಬಂತು. "ಯಾರು, ನಮ್ಮ ಎಲೆ ಮೇಷ್ಟ್ರಾ? ಒಳಗೆ ಬನ್ನಿ. ಬೋರ್ಡ್ ತಂದಿದೀರಾ? ಟೀಪಾಯಿ ಮೇಲೆ ಇಡಿ. ಜುಲೇಖಾ, ಎರಡು ಬೇಸನ್ನಲ್ಲಿ ನೀರು ಕೊಡು."

ಅವರು ಕುರ್ಚಿಯಲ್ಲಿ, ನಾನು ನೆಲದ ಮೇಲೆ. ಹತ್ತಿಯನ್ನು ಅದ್ದಿ ಹಿಂಡಿ ಮೂಲೆಯ ಎಲೆಯ ಮೇಲೆ ಇಟ್ಟೆ.

"ಕೆಳಗೆ ಸೋಪು ಉಜ್ಜಿದ್ರಾ?"

"ಹೌದು ಸರ್."

"ಹಂಗಾದ್ರೆ ಬರುತ್ತೆ. ತಿಕ್ಕಬೇಡಿ, ಒತ್ತಿ ಎತ್ತಿ. ಅವತ್ತು ಬೆರಳಿಗೆ ಬಣ್ಣ ಹತ್ತಿದಾಗಲೇ ಗೊತ್ತಾಯ್ತು, ಪೋಸ್ಟರ್ ಕಲರ್ ಅಂತ. ಅದಕ್ಕೇ ಸುಮ್ಮನಿದ್ದೆ."

"ಒಂದು ಮಾತು ಹೇಳಿದ್ರೆ ಅವತ್ತೇ..."

"ಹೇಳಿದ್ರೆ ನನಗೆ ಹೆದರಿ ಒರೆಸ್ತಿದ್ರಿ. ನಿಮಗೆ ಕಂಡು ಒರೆಸ್ಬೇಕಿತ್ತು."

ಹತ್ತಿ ಹಸಿರಾಯಿತು, ನೀರು ಹಸಿರಾಯಿತು. ಜುಲೇಖಾ ಅಮ್ಮ ಮೂರು ಸಲ ನೀರು ಬದಲಿಸಿದರು. ನಾನು ಅಷ್ಟು ಹೆಮ್ಮೆಯಿಂದ ಬರೆದ ಎಲೆಗಳು ಒಂದೊಂದಾಗಿ ಹೋದವು. ಕೆಳಗಿನ ತುಂಡುಗಳು, ನೇರಳೆ, ಇಟ್ಟಿಗೆ, ಹಳದಿ, ಒಂದೂ ಕೆಡದೆ ಎದ್ದು ಬಂದವು. ಗೂಟಗಳನ್ನು ಒರೆಸಿದ ಮೇಲೆ ಮೂರು ಬೂದು ಪಟ್ಟಿಗಳು ಉಳಿದವು.

"ಸರ್, ಈ ಅಡ್ಡ ಪಟ್ಟಿ ಮೂರು ಏನು ಅಂತ ಮಾತ್ರ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ. ಅದಕ್ಕೇ ಬೇಲಿ ಮಾಡಿದ್ದೆ."

ಅವರು ಜೋರಾಗಿ ನಕ್ಕರು. "ಬೇಲಿನಾ! ಅಯ್ಯೋ ಮಾರಾಯ್ರೆ, ದಿನಾ ಅದಕ್ಕೇ ಹಣೆ ಆನಿಸ್ಕೊಂಡು ತೂಕಡಿಸಿರ್ತೀರಿ ನೀವು. ಬಸ್ಸಿನ ಕಿಟಕಿ ಸರಳು ರೀ ಅದು!"

ನಾನೂ ನಕ್ಕೆ. ನಕ್ಕ ಮೇಲೆ ಅಳು ಬಂತು. ಅವರಿಗೆ ಕಾಣಲಿಲ್ಲ, ಜುಲೇಖಾ ಅಮ್ಮನಿಗೆ ಕಂಡಿತು. ಅವರು ಒಂದು ಒಣ ಬಟ್ಟೆ ತಂದು ನನ್ನ ಕೈಗೆ ಕೊಟ್ಟು, ಬೋರ್ಡ್ ಒರೆಸಿ ಎಂದರು.

ಕೆಳಗೆ ಗ್ಯಾರೇಜಿನಲ್ಲಿ ಯಾರೋ ಬೈಕಿನ ರೇಸ್ ಏರಿಸಿ ನೋಡುತ್ತಿದ್ದರು.

"ಆ ಮರ ಕಡಿದ್ರಂತಲ್ಲ?" ಎಂದರು ಅನ್ವರ್ ಮೇಷ್ಟ್ರು.

"ಹೌದು ಸರ್. ಐದೂ."

ಅವರು ತಲೆಯಾಡಿಸಿದರು. ಕನ್ನಡಕ ತೆಗೆದು, ಅಭ್ಯಾಸಬಲದಿಂದ ಅಂಗಿಯ ತುದಿಯಲ್ಲಿ ಗಾಜು ಒರೆಸಿ, ಮತ್ತೆ ಹಾಕಿಕೊಂಡರು. ಟೀಪಾಯಿಯ ಕಡೆ ಮುಖ ತಿರುಗಿಸಿದರು.

"ನನಗೆ ತಡವಾಯ್ತು, ನಿಮಗೆ ಕಾಣುತ್ತಲ್ಲ. ಹೇಳಿ. ಮೊದಲನೇ ಮರದಿಂದ ಹೇಳ್ತಾ ಬನ್ನಿ, ಅವಸರ ಮಾಡ್ಬೇಡಿ."

ಚಿತ್ರವನ್ನು ಎತ್ತಿ ಗೋಡೆಗೆ ಆನಿಸಿದೆ. ಎದುರಿಗೆ ಕೂತು, ತಪಾಸಣೆಗೆ ಬಂದವರ ಮುಂದೆ ಪಾಠ ಮಾಡುವವನ ಹಾಗೆ ಗಂಟಲು ಸರಿ ಮಾಡಿಕೊಂಡೆ. ಮೊದಲನೆಯದು ಹುಣಸೆ, ಕಾಂಡದಲ್ಲಿ ಏಳು ತುಂಡು, ಬುಡದ ತುಂಡು ನೇರಳೆ ಎಂದೆ. ಪಕ್ಕದಲ್ಲಿ ಗೋಣಿ, ಅದರ ಬೆನ್ನೂ ಹೊಟ್ಟೆಯೂ ಎರಡೂ ಕಾಣುತ್ತವೆ ಎಂದೆ.

"ಬೆಳಕು?" ಎಂದರು. "ಬೆಳಕು ಯಾವ ಕಡೆಯಿಂದ ಮೇಷ್ಟ್ರೇ?"

"ಎರಡೂ ಕಡೆಯಿಂದ ಸರ್" ಎಂದೆ.